ಬೆಳಗ್ಗೆ ಏಳಕ್ಕೆ ಒಂದು ಪಾದದ ಫೋಟೊ

ಮಾರ್ಚ್ 4, ಮಂಗಳವಾರ

ಮಾವನವರು ಬಂದರು. ಒಂದು ಕೈಚೀಲ, ಒಂದು ಊರುಗೋಲು, ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಸೂಜಿ-ದಾರ. ಬಲಪಾದಕ್ಕೆ ದಪ್ಪನೆಯ ಬ್ಯಾಂಡೇಜು. ಬಸ್ ನಿಲ್ದಾಣದಿಂದ ನೇರವಾಗಿ ಆಸ್ಪತ್ರೆಗೆ, ಅಲ್ಲಿಂದ ಮನೆಗೆ. ದಾರಿಯುದ್ದಕ್ಕೂ ನಾವು ಆಡಿದ ಮಾತು ಇಷ್ಟೇ.

"ಬಸ್ಸಲ್ಲಿ ಸೀಟು ಸಿಕ್ತಾ?"

"ಸಿಕ್ತು."

ಅವರಿಗೆ ಸಕ್ಕರೆ ಕಾಯಿಲೆ. ಅಂಗಾಲಿಗೆ ಸ್ಪರ್ಶವೇ ಇಲ್ಲ. ತಾವೇ ನೆಲಕ್ಕೆ ಬೀಳಿಸಿದ ಗುಂಡುಸೂಜಿ ಕಿರುಬೆರಳಿನ ಬುಡಕ್ಕೆ ಚುಚ್ಚಿಕೊಂಡಿದೆ, ಮೂರು ದಿನ ಅದರ ಮೇಲೇ ಹೊಲಿಗೆ ಯಂತ್ರ ತುಳಿದಿದ್ದಾರೆ. ನಲವತ್ತೈದು ವರ್ಷ ದರ್ಜಿ ಕೆಲಸ ಮಾಡಿದವರಿಗೆ ಸೂಜಿ ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಅವರ ಊರಿನಲ್ಲಿ ಇಂಥ ಗಾಯ ನೋಡುವವರಿಲ್ಲ, ಇಲ್ಲಿ ಅದಕ್ಕೇ ಒಂದು ವಿಭಾಗವಿದೆ. ಆದ್ದರಿಂದ ನನ್ನ ಮನೆ.

ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. "ಆರು ವಾರ ನೋಡೋಣ. ಮಾಂಸ ತುಂಬಿಕೊಂಡು ಬಂದ್ರೆ ಸರಿ. ಸೋಂಕು ಮೂಳೆಗೆ ಇಳೀತು ಅಂದ್ರೆ ಪಾದದ ಮುಂದಿನ ಅರ್ಧ ತೆಗೀಬೇಕಾಗುತ್ತೆ." ಮಾವನವರು ಕೇಳಿದ್ದು ಒಂದೇ ಪ್ರಶ್ನೆ. "ಅರ್ಧ ಪಾದದಲ್ಲಿ ಮಷೀನು ತುಳೀಬಹುದಾ?" ಡಾಕ್ಟರು ಚೀಟಿ ಬರೆಯುತ್ತ "ಕಷ್ಟ" ಅಂದರು.

ಕಾಲು ನೆಲಕ್ಕೆ ಊರಬಾರದು, ಆದ್ದರಿಂದ ಪದೇ ಪದೇ ಆಸ್ಪತ್ರೆಗೆ ಕರೆತರುವುದೂ ಬೇಡ. ನಾನೇ ದಿನಾ ಬೆಳಗ್ಗೆ ಬ್ಯಾಂಡೇಜು ಬಿಚ್ಚಿ, ತೊಳೆದು, ಫೋಟೊ ತೆಗೆದು ಏಳು ಗಂಟೆಗೆ ಕಳಿಸಬೇಕು. ಗಾಯದ ವಿಭಾಗದ ನರ್ಸ್ ನಂಬರು ಕೊಟ್ಟರು. "ನಿಮ್ಮ ಫೋಟೊನೇ ನಮ್ಮ ಕಣ್ಣು, ನೆನಪಿರಲಿ."

ಸಕ್ಕರೆ ಎಷ್ಟು, ಜ್ವರ ಇದೆಯೋ ಇಲ್ಲವೋ ದಿನಾ ಬರೆದಿಡಿ ಎಂದೂ ಹೇಳಿದ್ದಾರೆ. ಅದಕ್ಕೆ ಈ ಪುಸ್ತಕ. ಎಡಪುಟ ಅವರಿಗೆ. ಬಲಪುಟ ಖಾಲಿ ಬಿಡುವುದೇಕೆ ಎಂದು ಇದು.

ಅವರ ಮಗಳು, ನನ್ನ ಹೆಂಡತಿ, ತೀರಿಕೊಂಡ ಮೇಲೆ ಅವರು ಈ ಮನೆಯಲ್ಲಿ ಉಳಿಯುತ್ತಿರುವುದು ಇದೇ ಮೊದಲು. ಮೂರು ವರ್ಷವಾಯಿತು. ಆಗ ಅರ್ಧ ದಿನ ತಡವಾಗಿ ಬಂದರು. ಕಾಯಿಲೆಯ ವಿಷಯ ಅಪ್ಪನಿಗೆ ಹೇಳಬೇಡ ಎಂದು ಅವಳೇ ತಾಕೀತು ಮಾಡಿದ್ದಳು ಎಂದು ಎಲ್ಲರಿಗೂ ಹೇಳಿದ್ದೇನೆ, ಅವರಿಗೂ. ಆಮೇಲೆ ನಮ್ಮ ನಡುವೆ ಮಾತು ಬೆಳೆದಿಲ್ಲ. ಬೆಳೆಯುವ ಅಗತ್ಯವೂ ಇಲ್ಲ, ಆರು ವಾರ ಹೇಗೋ ಕಳೆಯುತ್ತದೆ.

ಮಾರ್ಚ್ 5, ಬುಧವಾರ

ಸಕ್ಕರೆ ಎಡಪುಟದಲ್ಲಿದೆ. ಜ್ವರ ಇಲ್ಲ.

ಹನ್ನೊಂದು ಫೋಟೊ ತೆಗೆದೆ. ಹನ್ನೊಂದರಲ್ಲೂ ಮಂಜು. ನರ್ಸ್ ಉತ್ತರ ಬರೆದರು: "ಇದು ಪಾದವೇ?"

ನನ್ನ ಫೋನು ಅಗ್ಗದ್ದು. ಎರಡು ವರ್ಷದ ಹಿಂದೆ ಕೊಂಡಾಗ ಕರೆ ಬಂದರೆ ಸಾಕು ಎಂದುಕೊಂಡಿದ್ದೆ. ಫೋಟೊ ತೆಗೆಯುವಂಥದ್ದು ನನ್ನ ಬದುಕಿನಲ್ಲಿ ಏನೂ ಉಳಿದಿರಲಿಲ್ಲ. ಲೆನ್ಸು ಅಂಗಿಯಿಂದ ಒರೆಸಿದೆ. ಫೋನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಮತ್ತೆ ಮಂಜು. ಮಾವನವರು ಕಾಲು ಸ್ಟೂಲಿನ ಮೇಲೆ ಇಟ್ಟುಕೊಂಡು, ನನ್ನ ತಲೆಯ ಮೇಲಿಂದ ಕಿಟಕಿ ನೋಡುತ್ತ ಕುಳಿತಿದ್ದರು. ಅಳತೆ ಕೊಡಲು ನಿಂತ ಗಿರಾಕಿಯಷ್ಟು ಅಲುಗಾಡದೆ.

ಮಾರ್ಚ್ 6, ಗುರುವಾರ

ನಾನು ಬಣ್ಣ ಬೆರೆಸುವ ಕೆಲಸ ಮಾಡುವ ಪೇಂಟ್ ಅಂಗಡಿಯಲ್ಲಿ ಫೋನನ್ನು ಪ್ರೈಮರ್‌ಗೆ ತೋರಿಸಿದೆ. ಪ್ರೈಮರ್ ಎಂದರೆ ಗೋಡೆಗೆ ಬಣ್ಣಕ್ಕೂ ಮುಂಚೆ ಹಚ್ಚುವ ಬಿಳಿ ಲೇಪ. ನಮ್ಮ ಅಂಗಡಿಯ ಸೇಲ್ಸ್‌ಮನ್‌ಗೆ ಆ ಹೆಸರಿಟ್ಟವನು ನಾನೇ. ಯಾವ ವಿಷಯವೇ ಇರಲಿ, ಎರಡು ಕೋಟು ಪೀಠಿಕೆ ಹಚ್ಚದೆ ಅವನು ಮಾತು ಶುರು ಮಾಡುವುದಿಲ್ಲ. ಕ್ಯಾಮೆರಾದ ಚರಿತ್ರೆ, ಅವನ ಭಾವಮೈದುನನ ಫೋನು, ಮೆಗಾಪಿಕ್ಸೆಲ್ ಎಂಬುದು ಬರೀ ಬೊಗಳೆ ಎಂಬ ವಿಚಾರ, ಇವೆಲ್ಲ ಮುಗಿದ ಮೇಲೆ ಫೋನಿನ ಬೆನ್ನನ್ನು ಉಗುರಿನಿಂದ ಕೆರೆದ. ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಎದ್ದು ಬಂತು.

"ಎರಡು ವರ್ಷ ಆಯ್ತು ಅಂದ್ರಲ್ಲ ಸಾರ್. ಕಂಪನಿಯವರು ಅಂಟಿಸಿದ ಹಾಳೆ ಇನ್ನೂ ತೆಗೆದಿಲ್ವಲ್ಲ ನೀವು."

"ಅದು ಅಲ್ಲೇ ಇರಬೇಕಾದ್ದು ಅಂದ್ಕೊಂಡಿದ್ದೆ."

ಇಡೀ ಅಂಗಡಿ ನಕ್ಕಿತು. ನಾನೂ ನಕ್ಕೆ ಅನಿಸುತ್ತದೆ.

ಮಾರ್ಚ್ 8, ಶನಿವಾರ

ಹಾಳೆ ತೆಗೆದರೂ ಪೂರ್ತಿ ಸರಿಹೋಗಿಲ್ಲ. ಕಿಟಕಿಯ ಸರಳು ಸ್ಪಷ್ಟ, ಸ್ಟೂಲಿನ ಮೊಳೆ ಸ್ಪಷ್ಟ, ಗಾಯ ಮಾತ್ರ ಕಲಸಿಹೋಗುತ್ತದೆ. ಕ್ಯಾಮೆರಾಕ್ಕೆ ಬೇಡದ್ದರ ಮೇಲೆಯೇ ಕಣ್ಣು. ಫೋನಿನ ಮೆಮೊರಿ ತುಂಬಿರಬಹುದೆಂದು ಹಳೆಯ ಸಂದೇಶಗಳನ್ನೆಲ್ಲ ಅಳಿಸಿದೆ. ಕ್ಯಾಮೆರಾದ ಸೆಟ್ಟಿಂಗನ್ನು ಮೊದಲಿನ ಸ್ಥಿತಿಗೆ ತಂದೆ. ಅಪ್‌ಡೇಟ್ ಎಂದು ಕೇಳಿತು, ಕೊಟ್ಟೆ. ಅರ್ಧ ಗಂಟೆ ತೆಗೆದುಕೊಂಡು ಗಡಿಯಾರದ ಚಿತ್ರ ಬದಲಾಯಿಸಿತು, ಅಷ್ಟೇ.

ಅಷ್ಟು ಹೊತ್ತೂ ಮಾವನವರ ಕಾಲು ಬಿಚ್ಚಿಕೊಂಡೇ ಇತ್ತು.

"ಅಳಿಯಂದ್ರೇ, ನನ್ನ ಕಾಲಿಗಿಂತ ಆ ಫೋನಿಗೇ ಉಪಚಾರ ಜೋರಾಗಿ ನಡೀತಿದೆ."

ಐದು ದಿನದಲ್ಲಿ ಅವರು ಆಡಿದ ಅತಿ ಉದ್ದದ ವಾಕ್ಯ. ಬ್ಯಾಂಡೇಜು ಕಟ್ಟಿದೆ.

ಮಾರ್ಚ್ 10, ಸೋಮವಾರ

ಬಸ್ ನಿಲ್ದಾಣದ ಹತ್ತಿರ ಫೋನ್ ರಿಪೇರಿ ಮಾಡುವ ಹೆಂಗಸಿಗೆ ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡಿದಳು. ಫೋನು ಕೆಟ್ಟಿಲ್ಲ, ಅದರ ಯೋಗ್ಯತೆಯೇ ಅಷ್ಟು. ಒಂದು ಗೇಣಿಗಿಂತ ಹತ್ತಿರದ್ದನ್ನು ಅದು ಹಿಡಿಯಲಾರದು. ಜೊತೆಗೆ ಬರೀ ಚರ್ಮವೆಂದರೆ ಅದಕ್ಕೆ ಕಚ್ಚಿಕೊಳ್ಳಲು ಏನೂ ಸಿಗುವುದಿಲ್ಲ. "ಪಕ್ಕದಲ್ಲಿ ಅಕ್ಷರ ಇರೋದು ಏನಾದ್ರೂ ಇಡಿ. ಅಕ್ಷರದ ಮೇಲೆ ಬೆರಳು ಒತ್ತಿ. ಆಮೇಲೆ ತೆಗೀರಿ."

ನನ್ನ ಜೇಬಿನಲ್ಲಿ ಯಾವಾಗಲೂ ಇರುವ ಅಕ್ಷರವೆಂದರೆ ಶೇಡ್ ಕಾರ್ಡು. ಬಣ್ಣದ ಕಂಪನಿಯವರು ಕೊಡುವ ಪಟ್ಟಿ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ, ಕೆಳಗೆ ಹೆಸರು ಮತ್ತು ಸಂಖ್ಯೆ. ಕೆಂಪಿನ ಪಟ್ಟಿಯೊಂದನ್ನು ಕಿರುಬೆರಳಿನ ಪಕ್ಕ ಇಟ್ಟೆ. ಎರಡು ಖಾಲಿ ಡಬ್ಬದ ಮೇಲೆ ಫೋನು ಕೂರಿಸಿದೆ. ‘ಇಟ್ಟಿಗೆ 6’ ಎಂಬ ಅಕ್ಷರ ಒತ್ತಿದೆ.

ಬಂತು. ಗಾಯದ ಅಂಚು, ಬೆರಳಿನ ಗೆರೆ, ಎಲ್ಲ ಸೂಜಿಯಲ್ಲಿ ಕೊರೆದ ಹಾಗೆ.

ಮಾರ್ಚ್ 11, ಮಂಗಳವಾರ

ನರ್ಸ್ ಬರೆದರು: "ಸ್ಪಷ್ಟವಾಗಿದೆ, ಆದರೆ ಕತ್ತಲೆ."

ನಮ್ಮ ಮನೆಯ ಮುಂದೆ ನಾಲ್ಕಂತಸ್ತಿನ ಗೋದಾಮಿದೆ, ಹತ್ತು ಗಂಟೆಯವರೆಗೆ ಬಿಸಿಲು ಬರುವುದಿಲ್ಲ. ಫ್ಲ್ಯಾಶ್ ಹಾಕಿದರೆ ಪಾದ ಸುಣ್ಣ ಹೊಡೆದಂತೆ ಬೆಳ್ಳಗಾಗುತ್ತದೆ. ತಡಕಾಡುತ್ತಿದ್ದಾಗ ಪರದೆಯ ಮೂಲೆಯಲ್ಲಿ ಒಂದು ಗುರುತು ಕಂಡಿತು, ತುದಿಯಲ್ಲಿ ನಕ್ಷತ್ರವಿರುವ ಕೋಲು, ಮಾಂತ್ರಿಕರ ಕೈಯಲ್ಲಿರುವಂಥದ್ದು. ಒತ್ತಿದೆ. ಚಿತ್ರ ತಟ್ಟನೆ ಬೆಳಗಿತು. ನೆರಳು ತಿಳಿಯಾಯಿತು, ಎಲ್ಲವೂ ಹಸನಾಯಿತು.

ಕಳಿಸಿದೆ. "ಈಗ ಬಹಳ ಚೆನ್ನಾಗಿದೆ, ಹೀಗೇ ಕಳಿಸಿ" ಎಂದು ಉತ್ತರ ಬಂತು.

ಒಂದು ವಾರದ ತಲೆನೋವು ಇಳಿಯಿತು. ಇವತ್ತು ಅಂಗಡಿಯಲ್ಲಿ ಮೂರು ಕಡುಕಷ್ಟದ ಬೂದುಬಣ್ಣಗಳನ್ನು ಮೊದಲ ಸಲಕ್ಕೇ ಹೊಂದಿಸಿದೆ. ಬೂದು ಹೊಂದಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಖುಷಿಯಾಗಿದ್ದೇನೆ, ಬರೆದಿಡಲು ಅಡ್ಡಿಯಿಲ್ಲ.

ಮಾರ್ಚ್ 14, ಶುಕ್ರವಾರ

ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಆರೂವರೆಗೆ ಚಹಾ, ಆರೂ ಮುಕ್ಕಾಲಿಗೆ ಬ್ಯಾಂಡೇಜು, ಏಳಕ್ಕೆ ಫೋಟೊ. ಬ್ಯಾಂಡೇಜು ಬಿಚ್ಚುವಾಗ ಮುಖ ಒಂದಿಷ್ಟು ಆಚೆ ತಿರುಗಿಸಿಕೊಂಡರೆ ಕೆಲಸ ಬೇಗ ಆಗುತ್ತದೆ ಎಂದು ಕಂಡುಕೊಂಡಿದ್ದೇನೆ. ಆಮೇಲೆ ಪರದೆಯಲ್ಲಿ ಹೇಗೂ ಕಾಣುತ್ತದೆ.

ಮಾವನವರು ದಿನಾ ಒಂದೇ ಮಾತು ಕೇಳುತ್ತಾರೆ. ಬಗ್ಗಿ ಅಂಗಾಲು ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ.

"ಹೇಗಿದೆ?"

"ಚೆನ್ನಾಗಿದೆ."

ನಾನು ಅಂಗಡಿಗೆ ಹೋದ ಮೇಲೆ ಅವರು ನನ್ನ ಅಂಗಿಗಳನ್ನು ಒಂದೊಂದಾಗಿ ರಿಪೇರಿ ಮಾಡುತ್ತಿದ್ದಾರೆ. ಕೇಳಿರಲಿಲ್ಲ. ಸವೆದ ಕಾಲರನ್ನು ಬಿಚ್ಚಿ, ತಿರುವಿ, ಒಳಬದಿ ಹೊರಗೆ ಬರುವಂತೆ ಕೈಯಲ್ಲೇ ಹೊಲಿದಿದ್ದಾರೆ. ಮಷೀನಿನ ಹೊಲಿಗೆಗಿಂತ ನೇರವಾಗಿದೆ. ಹಾಕಿಕೊಂಡು ಹೋದೆ. ಪ್ರೈಮರ್ ಹೊಸ ಅಂಗಿಯಾ ಅಂತ ಕೇಳಿದ.

ಕೋಣೆಯಲ್ಲಿ ಎರಡು ದಿನದಿಂದ ಏನೋ ವಾಸನೆ. ಬಚ್ಚಲಿನ ಕೊಳವೆ ತೊಳೆದೆ. ಹದಿನೆಂಟು ವರ್ಷ ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ ಕುಡಿದ ಮೂಗು ನನ್ನದು, ಅದರ ಮಾತು ನಾನು ನಂಬುವುದಿಲ್ಲ.

ಮಾರ್ಚ್ 17, ಸೋಮವಾರ

ನಾಳೆ ಆಸ್ಪತ್ರೆಗೆ ಹೋಗಬೇಕಿತ್ತು. ನರ್ಸ್ ಫೋನು ಮಾಡಿದರು. ಫೋಟೊದಲ್ಲಿ ಕೆಂಪು ಇಳಿದಿದೆ, ಅಂಚು ತಿಳಿಯಾಗಿದೆ, ಸುಮ್ಮನೆ ಮೆಟ್ಟಿಲು ಹತ್ತಿಸಿ ಇಳಿಸಿ ಕಾಲಿಗೆ ಆಯಾಸ ಕೊಡುವುದು ಬೇಡ, ಇನ್ನೆರಡು ವಾರ ಬಿಟ್ಟು ಬನ್ನಿ. "ಎಲ್ಲರೂ ನಿಮ್ಮಷ್ಟು ಚೆನ್ನಾಗಿ ಫೋಟೊ ಕಳಿಸಿದ್ರೆ ನಮ್ಮ ಕೆಲಸ ಅರ್ಧ ಆಗ್ತಿತ್ತು."

ಮಾವನವರಿಗೆ ಹೇಳಿದೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ.

"ಒಂದ್ಸಲ ತೋರಿಸ್ಕೊಂಡು ಬಂದಿದ್ರೆ ಆಗ್ತಿತ್ತು" ಅಂದರು.

"ಏನಾದ್ರೂ ಅನ್ನಿಸ್ತಿದೆಯಾ?"

"ಅನ್ನಿಸೋಕೆ ಅಲ್ಲಿ ಏನೂ ಗೊತ್ತಾಗಲ್ವಲ್ಲ. ಮಂಡಿ ತನಕ ಭಾರ ಅಷ್ಟೇ."

ಫೋನಿನಲ್ಲಿ ಹನ್ನೊಂದನೇ ತಾರೀಖಿನ ಚಿತ್ರವನ್ನೂ ಇವತ್ತಿನದನ್ನೂ ಪಕ್ಕಪಕ್ಕ ತೋರಿಸಿದೆ. ಎರಡೂ ಒಂದೇ ಥರ ತಿಳಿಯಾಗಿವೆ. ಕನ್ನಡಕ ಏರಿಸಿಕೊಂಡು ನೋಡಿದರು. "ಪರವಾಗಿಲ್ಲ, ನನ್ನ ಮುಖಕ್ಕಿಂತ ಪಾದವೇ ಚೆಂದ ಬಂದಿದೆ" ಅಂದರು. ಮತ್ತೆ ಅಂಗಿ ಕೈಗೆತ್ತಿಕೊಂಡರು.

ಮಾರ್ಚ್ 19, ಬುಧವಾರ

ಜ್ವರ ಸ್ವಲ್ಪ. ಫೋಟೊ ಚೆನ್ನಾಗಿ ಬಂತು.

ಮಾರ್ಚ್ 21, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಒಬ್ಬ ಗಿರಾಕಿ ಬಂದರು, ಶಾಲೆಯ ಮೇಡಂ. ಹಜಾರದ ಒಂದು ಗೋಡೆಗೆ ತೇಪೆ ಹಾಕಬೇಕಂತೆ, ಹಳೇ ಬಣ್ಣವೇ ಬೇಕು. ಗೋಡೆಯ ಫೋಟೊ ತಂದಿದ್ದರು. ನಾನು ದಿನಾ ಹೇಳುವುದನ್ನೇ ಹೇಳಿದೆ. ಫೋಟೊ ನೋಡಿ ಬಣ್ಣ ಕೊಡುವುದಿಲ್ಲ, ಗೋಡೆಯಿಂದ ಉಗುರಿನಷ್ಟು ಚಕ್ಕೆ ಕೆರೆದು ತನ್ನಿ. ಇದು ನನ್ನ ಕೌಂಟರಿನ ಮೇಲೆ ನಾನೇ ಬರೆದು ಅಂಟಿಸಿದ ನಿಯಮ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಮುರಿದಿಲ್ಲ.

"ನನ್ನ ಫೋನ್ ದುಬಾರಿದು ರೀ. ಬಣ್ಣ ಸರಿಯಾಗೇ ಬರುತ್ತೆ."

"ಯಾವ ಫೋನೂ ಅಷ್ಟೇ ಮೇಡಂ. ನೋಡಿ, ನನ್ನದ್ರಲ್ಲೇ ತೋರಿಸ್ತೀನಿ" ಅಂದೆ.

ಅವರಿಗೆ ಮನದಟ್ಟು ಮಾಡಬೇಕೆಂದು ನನ್ನ ಫೋನು ತೆಗೆದೆ. ಶೇಡ್ ಕಾರ್ಡು ಇರುವ ಫೋಟೊ ನನ್ನಲ್ಲಿ ಒಂದೇ ಬಗೆಯದು. ಪಾದ ಕಾಣದ ಹಾಗೆ ಪಟ್ಟಿಯನ್ನಷ್ಟೇ ಹಿಗ್ಗಿಸಿ, ಜೇಬಿನಲ್ಲಿದ್ದ ಅದೇ ಪಟ್ಟಿಯನ್ನು ಪರದೆಯ ಪಕ್ಕ ಹಿಡಿದೆ. ಕೈಯಲ್ಲಿದ್ದ ‘ಇಟ್ಟಿಗೆ 6’ ಕಡುಗೆಂಪು, ಒಳಗೆ ಕಂದು. ಪರದೆಯಲ್ಲಿದ್ದ ‘ಇಟ್ಟಿಗೆ 6’ ತಿಳಿಗುಲಾಬಿ. ಪಟ್ಟಿಯಲ್ಲಿ ಅದರ ಹೆಸರು ‘ಮುಂಜಾನೆಯ ನಾಚಿಕೆ 2’. ಇಂಥ ಹೆಸರು ಇಡುವವರು ಬ್ರಷ್ಷು ಹಿಡಿದವರಲ್ಲ ಎಂದು ನಾವು ಯಾವಾಗಲೂ ನಗುತ್ತೇವೆ.

"ಅಬ್ಬಾ, ಇಷ್ಟೊಂದು ವ್ಯತ್ಯಾಸ ಬರುತ್ತಾ?" ಅಂದರು ಮೇಡಂ. "ಸರಿ, ಚಕ್ಕೆ ತರ್ತೀನಿ."

ಅವರು ಹೋದರು. ನಾನು ಅಲ್ಲೇ ನಿಂತಿದ್ದೆ. ಇಟ್ಟಿಗೆ ನಾಚಿಕೆಯಾಗಿದ್ದರೆ, ಪಕ್ಕದಲ್ಲಿರುವುದು ಏನಾಗಿತ್ತು? ಮಾಂತ್ರಿಕನ ಕೋಲು ಒತ್ತಿದ್ದು ಹನ್ನೊಂದನೇ ತಾರೀಖು. ಹತ್ತು ದಿನ. ಕೌಂಟರು ಪ್ರೈಮರ್‌ಗೆ ಬಿಟ್ಟು ಮನೆಗೆ ಹೊರಟೆ. ಅವನು ಏನೋ ಪೀಠಿಕೆ ಶುರು ಮಾಡಿದ್ದ, ಕೇಳಿಸಿಕೊಳ್ಳಲಿಲ್ಲ.

ಮನೆಯಲ್ಲಿ ಮಾವನವರು ಗುಂಡಿ ಹೊಲಿಯುತ್ತಿದ್ದರು. "ಯಾಕೆ, ಮಧ್ಯಾಹ್ನಕ್ಕೇ ಬಂದ್ರಿ?" ಅಂದರು. ಕಾಲನ್ನು ಬಾಗಿಲ ಬೆಳಕಿಗೆ ತಿರುಗಿಸಿ ಬ್ಯಾಂಡೇಜು ಬಿಚ್ಚಿದೆ. ಮುಖ ತಿರುಗಿಸಲಿಲ್ಲ.

ಕಿರುಬೆರಳು ಇಟ್ಟಿಗೆಯೂ ಅಲ್ಲ, ಅದಕ್ಕಿಂತ ಎರಡು ಚೌಕ ಕೆಳಗಿನ ಕಪ್ಪುಗೆಂಪು. ಬುಡದಲ್ಲಿ ನೀಲಿ ಬೆರೆತ ಬೂದು. ಅಂಚಿನಿಂದ ಪಾದದ ಮೇಲ್ಭಾಗಕ್ಕೆ ಕೆಂಪು ಹರಿದಿತ್ತು, ನನ್ನ ಮೂರು ಬೆರಳಿನ ಅಗಲ. ವಾಸನೆ ಬಚ್ಚಲಿನದಾಗಿರಲಿಲ್ಲ.

"ಹೇಗಿದೆ?" ಅಂದರು.

"ಏನಿಲ್ಲ. ಸುಮ್ನೆ ಒಂದ್ಸಲ ತೋರಿಸಿ ಬರೋಣ" ಅಂದೆ.

ನರ್ಸ್‌ಗೆ ಫೋನಿನಲ್ಲಿ ಬಣ್ಣ ಹೇಳಿದೆ, ಹೆಸರು ಹಿಡಿದು, ಎಲ್ಲಿಂದ ಎಲ್ಲಿಗೆ ಎಂದು. ಅವರು ಅರ್ಧಕ್ಕೇ ತಡೆದು "ಈಗಲೇ ಕರ್ಕೊಂಡು ಬನ್ನಿ" ಅಂದರು.

ಡಾಕ್ಟರು ನೋಡಿದರು. ಎರಡು ಬೆರಳು ಹೋಗುವುದು ಖಚಿತ. ಪಾದ ಉಳಿಯುತ್ತದೋ ಇಲ್ಲವೋ ನಾಳೆ ಆಪರೇಷನ್ನಿನಲ್ಲಿ ತೆರೆದ ಮೇಲೆ ತಿಳಿಯುತ್ತದೆ. ನನ್ನ ಮುಖ ನೋಡಿ ಹೆಗಲ ಮೇಲೆ ಕೈ ಇಟ್ಟರು. "ನಿಮ್ಮ ತಪ್ಪಿಲ್ಲ ಬಿಡಿ. ಈ ಸೋಂಕು ನೋಡ್ತಾ ನೋಡ್ತಾನೇ ತಿರುಗಿಬಿಡುತ್ತೆ. ಬೆಳಗ್ಗೆ ಫೋಟೊದಲ್ಲಿ ಚೆನ್ನಾಗೇ ಇತ್ತಲ್ಲ."

ಹೂಂ ಅಂದೆ.

ಅಲ್ಲಿಗೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಆ ಫೋಟೊಗಳನ್ನು ಅಳಿಸಿದರೆ ನನಗೂ ಗೊತ್ತಿಲ್ಲದಂತೆಯೇ. ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಂಜೆ ಐದು ಗಂಟೆ. ಈ ಗೋಡೆಗೆ ಎರಡನೇ ಕೋಟು ಹಾಕಿಲ್ಲ.

ಮಾರ್ಚ್ 22, ಶನಿವಾರ

ಶಸ್ತ್ರಚಿಕಿತ್ಸೆ ಹನ್ನೊಂದಕ್ಕೆ ಎಂದಿದ್ದರು. ಒಂಬತ್ತಕ್ಕೆ ವಾರ್ಡಿಗೆ ಹೋದೆ. ಹಸಿರು ಅಂಗಿ ತೊಡಿಸಿದ್ದರು. ಅದರ ಹೆಗಲಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದರು. "ದುಡ್ಡು ಕೊಟ್ಟು ಹೀಗೆ ಹೊಲಿಸಿದಾರಲ್ಲ" ಅಂದರು.

ಮಂಚದ ಪಕ್ಕ ಕುಳಿತು ಫೋನನ್ನೂ ಶೇಡ್ ಕಾರ್ಡನ್ನೂ ಅವರ ಕೈಗೆ ಕೊಟ್ಟೆ. ಏನು ಒತ್ತಿದೆ, ಯಾವತ್ತು ಒತ್ತಿದೆ, ಅದು ಏನು ಮಾಡಿತು, ಎಲ್ಲ ಹೇಳಿದೆ. ಅವರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಬಟ್ಟೆಯ ಮೇಲೆ ದಾರ ಹಿಡಿದು ನೋಡುವ ಹಾಗೆ. ಆಮೇಲೆ ಫೋನು. ಆಮೇಲೆ ಮತ್ತೆ ಪಟ್ಟಿ.

"ಇದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಇಲ್ಲ."

"ಹತ್ತು ದಿನ ನೀವು ನೋಡ್ತಿದ್ದಿದ್ದು ಇದನ್ನ."

"ಹೂಂ."

"ಕಾಲನ್ನ?"

"ನೋಡ್ಲಿಲ್ಲ. ನೋಡೋಕೆ ಆಗ್ಲಿಲ್ಲ."

ಅವರು ಎರಡನ್ನೂ ಹೊದಿಕೆಯ ಮೇಲಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಸಲೀಸಾಗುತ್ತಿತ್ತು.

"ಆವಾಗ್ಲೂ ದಿನಾ ಫೋನ್ ಮಾಡ್ತಿದ್ದೆ ನಾನು. ಚೆನ್ನಾಗಿದಾಳೆ ಅಂತಿದ್ರಿ" ಅಂದರು. "ಅವಳೇ ಹೇಳ್ಬೇಡ ಅಂದಿದ್ಲು ಅಂತ ಆಮೇಲೆ ಗೊತ್ತಾಯ್ತು. ಮೂರು ವರ್ಷದಿಂದ ಅದೊಂದೇ ನನ್ನ ತಲೇಲಿ. ನನ್ನ ಮಗಳು ನನ್ನನ್ನ ಯಾಕೆ ಬೇಡ ಅಂದ್ಲು ಅಂತ."

ಇಂಥದ್ದೊಂದು ಲೆಕ್ಕ ಅವರ ತಲೆಯಲ್ಲಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ಆಡಿದ ಮಾತು ಯಾರನ್ನು ಕಡಿಯುತ್ತದೆ ಎಂದು ನೋಡಿರಲಿಲ್ಲ.

"ಅವಳು ಹಾಗನ್ಲಿಲ್ಲ ಮಾವ. ಬುಧವಾರ ಬೆಳಗ್ಗೆ, ಅಪ್ಪನ್ನ ಕರೆಸು ಅಂದ್ಲು. ಗುರುವಾರ ಇನ್ನೊಂದ್ಸಲ ಕೇಳಿದ್ಲು. ನಾನು ನಿಮಗೆ ಬನ್ನಿ ಅಂತ ಫೋನ್ ಮಾಡಿದ್ದು ಶುಕ್ರವಾರ ಸಂಜೆ. ನಿಮ್ಮನ್ನ ಕರೆಸಿದ್ರೆ ಮುಗೀತು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ ಅನ್ನಿಸ್ತು. ಬೇಡ ಅಂದಿದ್ಲು ಅನ್ನೋದು ನಾನು ಕಟ್ಟಿದ್ದು."

ಪಕ್ಕದ ಮಂಚದವನು ರೇಡಿಯೊ ಹಾಕಿದ್ದ. ಹವಾಮಾನ ಹೇಳುತ್ತಿದ್ದರು. ಅವರು ನನ್ನನ್ನು ನೋಡಲಿಲ್ಲ. ಎದುರಿನ ಗೋಡೆ ನೋಡಿದರು. ನಾನು ಅಳುತ್ತಿದ್ದೆ ಅನಿಸುತ್ತದೆ, ಕೈ ಒದ್ದೆಯಾಗಿತ್ತು.

ತಳ್ಳುಗಾಡಿಯ ಮಂಚ ಬಂತು. ಇಬ್ಬರು ಎತ್ತಿ ಮಲಗಿಸಿದರು. ಅವರು ಕನ್ನಡಕ ತೆಗೆದು ನನ್ನತ್ತ ನೋಡದೆ ಕೈ ಚಾಚಿದರು. ತೆಗೆದುಕೊಂಡೆ. ಗಾಡಿ ಹೋಯಿತು.

ಎರಡೂವರೆಗೆ ಡಾಕ್ಟರು ಹೊರಬಂದರು. ಎರಡು ಬೆರಳು ತೆಗೆದಿದ್ದಾರೆ. ಮೂಳೆಗೆ ಇಳಿದಿರಲಿಲ್ಲ. ಪಾದ ಇದೆ. ಇನ್ನೊಂದು ದಿನ ಬಿಟ್ಟಿದ್ದರೆ ಇರುತ್ತಿರಲಿಲ್ಲ ಅಂದರು. ಅವರಿಗೂ ಫೋನಿನ ಮಾಂತ್ರಿಕನ ಕೋಲಿನ ವಿಷಯ ಹೇಳಿದೆ. "ನರ್ಸ್‌ಗೆ ಹೇಳಿ, ಎಲ್ಲ ರೋಗಿಗಳಿಗೂ ತಿಳಿಸ್ಲಿ" ಅಂದರು. ಈ ಸಲ ಹೆಗಲ ಮೇಲೆ ಕೈ ಇಡಲಿಲ್ಲ.

ಮಾರ್ಚ್ 23, ಭಾನುವಾರ

ಮಾತಾಡಲಿಲ್ಲ. ಗಂಜಿ ಕುಡಿದರು. ಲೋಟ ನರ್ಸ್ ಕೈಗೆ ಕೊಟ್ಟರು.

ಮಾರ್ಚ್ 24, ಸೋಮವಾರ

ಇವತ್ತೂ ಇಲ್ಲ. ಅಂಗಡಿಗೆ ರಜೆ ಹಾಕಿದ್ದೇನೆ. ಪ್ರೈಮರ್ ಬಂದಿದ್ದ. ಕಾಲರಿನ ಹೊಲಿಗೆ ನೋಡಬೇಕು, ನನ್ನದೂ ಒಂದು ಅಂಗಿ ಇದೆ ಎಂದು ಮಾವನ ಎದುರು ಅರ್ಧ ಗಂಟೆ ಮಾತಾಡಿದ. ಮಾವ ಅವನಿಗೆ ಉತ್ತರ ಕೊಟ್ಟರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

ಮಧ್ಯಾಹ್ನ ನರ್ಸ್ ಬ್ಯಾಂಡೇಜು ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿದೆ. ಎಲ್ಲ ನೋಡಿದೆ. ಹೊಲಿಗೆ ಹನ್ನೆರಡು.

ಮಾರ್ಚ್ 25, ಮಂಗಳವಾರ

ಇಲ್ಲ.

ಹೋಗು ಎಂದೂ ಹೇಳುತ್ತಿಲ್ಲ. ಬೆಳಗ್ಗೆ ಬರುತ್ತೇನೆ, ಮುಖ ತೊಳೆಸುತ್ತೇನೆ, ಬಾಚಣಿಗೆ ಕೊಡುತ್ತೇನೆ. ತೆಗೆದುಕೊಳ್ಳುತ್ತಾರೆ. ನಾನು ಇನ್ನೇನು ನಿರೀಕ್ಷಿಸಬೇಕು? ಮೂರು ವರ್ಷ ಒಬ್ಬ ತಂದೆಯ ತಲೆಯಲ್ಲಿ ಅವರ ಮಗಳನ್ನೇ ಕೆಟ್ಟವಳನ್ನಾಗಿ ಮಾಡಿದವನು ನಾನು. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಮುಖ ನನಗಿಲ್ಲ.

ಮಾರ್ಚ್ 28, ಶುಕ್ರವಾರ

ನಾಳೆ ಮನೆಗೆ ಕಳಿಸುತ್ತಾರೆ. ಬ್ಯಾಂಡೇಜು ಬದಲಾಯಿಸುವುದನ್ನು ನಾನೇ ಮಾಡಿ ತೋರಿಸಬೇಕು ಎಂದು ನರ್ಸ್ ಪರೀಕ್ಷೆ ಇಟ್ಟರು. ಫೋನು ತೆಗೆಯಲು ಹೋದೆ. "ಅದು ಒಳಗಿರಲಿ" ಅಂದರು. "ನೀವು ನೋಡಿ, ಬಾಯಲ್ಲಿ ಹೇಳಿ. ಇನ್ಮೇಲೆ ದಿನಾ ಏಳಕ್ಕೆ ಫೋನ್ ಮಾಡಿ ಹೇಳ್ಬೇಕು, ಅವತ್ತು ಹೇಳಿದ್ರಲ್ಲ ಹಾಗೆ."

ಮಂಚದ ತುದಿಗೆ ಸ್ಟೂಲು ಎಳೆದುಕೊಂಡು ಕುಳಿತೆ. ಬಿಚ್ಚಿದೆ. ನೋಡಿದೆ. ಹೊಲಿಗೆಯ ಉದ್ದಕ್ಕೂ ಒಣಗಿದ ಕಂದು. ಮೂರನೇ ಮತ್ತು ನಾಲ್ಕನೇ ಹೊಲಿಗೆಯ ನಡುವೆ ಅಕ್ಕಿಕಾಳಿನಷ್ಟು ತೇವ, ಬಣ್ಣ ನೀರು ಬೆರೆತ ಜೇನಿನದು, ವಾಸನೆ ಇಲ್ಲ. ಅಂಚು ಗುಲಾಬಿ, ನಿನ್ನೆಗಿಂತ ಕಡಿಮೆಯೂ ಇಲ್ಲ ಜಾಸ್ತಿಯೂ ಇಲ್ಲ. ಉಳಿದ ಮೂರು ಬೆರಳಿನ ಉಗುರು ಒತ್ತಿ ಬಿಟ್ಟರೆ ಬೇಗ ಕೆಂಪಾಗುತ್ತದೆ. ಎಲ್ಲ ಹೇಳಿದೆ. ಒಂದು ಕಡೆ ನನಗೆ ಗೊತ್ತಾಗದಿದ್ದುದನ್ನು ಗೊತ್ತಾಗುತ್ತಿಲ್ಲ ಎಂದೇ ಹೇಳಿದೆ. ನರ್ಸ್ ಬಗ್ಗಿ ನೋಡಿ, ಅದು ಔಷಧದ ಕಲೆ ಅಂದರು. ಪಾಸು ಮಾಡಿ ಹೋದರು.

ಬ್ಯಾಂಡೇಜಿನ ಕೊನೆಯ ಸುತ್ತು ಹಾಕುತ್ತಿದ್ದೆ.

"ಚೆನ್ನಾಗಿದೆಯಾ?" ಅಂದರು ಮಾವ.

ಆರು ದಿನದ ಮೇಲೆ ನನಗೆ ಆಡಿದ ಮೊದಲ ಮಾತು.

"ಪೂರ್ತಿ ಚೆನ್ನಾಗಿಲ್ಲ ಮಾವ. ಒಂದು ಕಡೆ ತೇವ ಇದೆ. ನೋಡ್ತಿರಬೇಕು."

ತಲೆಯಾಡಿಸಿದರು. ನಾನು ಗಂಟು ಹಾಕಿ, ಕತ್ತರಿಯಲ್ಲಿ ತುದಿ ಕತ್ತರಿಸಿದೆ. ಎದ್ದೇಳಲು ಹೊರಟೆ.

"ಕೂತ್ಕೋ" ಅಂದರು.

ಕುಳಿತೆ. ಅವರು ತಲೆದಿಂಬನ್ನು ಬೆನ್ನಿಗೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ನನ್ನ ಮುಖವನ್ನು ನೇರವಾಗಿ ನೋಡಿದರು.

"ಆ ಬುಧವಾರದಿಂದ ಹೇಳು. ಅವಳು ನನ್ನ ಕೇಳಿದ್ಲಲ್ಲ, ಅಲ್ಲಿಂದ. ಏನು ತಿಂದ್ಲು, ಏನು ಮಾತಾಡಿದ್ಲು, ಮುಖ ಹೇಗಿತ್ತು, ಎಲ್ಲ. ಏನನ್ನೂ ಚೆನ್ನಾಗಿ ಮಾಡಿ ಹೇಳ್ಬೇಡ."

ಹೇಳಿದೆ. ಶುಕ್ರವಾರಕ್ಕೆ ಬರುವ ಹೊತ್ತಿಗೆ ಊಟದ ಗಾಡಿ ಬಂತು. ಅವರು ಕೈಯಾಡಿಸಿ ಅದನ್ನು ಮುಂದೆ ಕಳಿಸಿದರು.